ಮಾವನ ಸೆಂಟು

ಕೊಡಿಯಾಲ್‌ಬೈಲಿನ ಆಫೀಸಿನ ಲಿಫ್ಟಿನಲ್ಲಿ ಯಾರದ್ದಾದರೂ ಸೆಂಟಿನ ವಾಸನೆ ಬಂದರೆ ನನಗೆ ಇಂದಿಗೂ ಕೈ ಹಿಂದೆ ಅಡಗಿಸಬೇಕೆನಿಸುತ್ತದೆ.

ದುಬೈಯಿಂದ ಮಾವ ತಂದ ಸೆಂಟಿನ ಬಾಟಲಿಯನ್ನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಕದ್ದು ತೆಗೆದವಳು ನಾನೇ. ಗೆಳತಿ ಪ್ರಮೀಳಳ ಮಣಿಕಟ್ಟಿಗೆ ಹಚ್ಚುವಾಗ ಅದು ನನ್ನ ಕೈಜಾರಿ ಒಡೆಯಿತು. ನಾನು ಓಡಿಹೋಗಿ ಸೋಪು ಹಾಕಿ ಕೈ ತೊಳೆದುಬಂದೆ. ಅಜ್ಜಿ ಬಂದವರೇ ನಮ್ಮಿಬ್ಬರ ಕೈಯನ್ನೂ ಮೂಸಿದರು.

"ಎಂತ ಪ್ರಮೀಳಾ, ನೀನಾ?"

ಅವಳು ನನ್ನ ಮುಖ ನೋಡಿದಳು. "ಹೌದಜ್ಜಿ, ಅವಳೇ" ಎಂದೆ ನಾನು.

ಮೂರು ದಿನ ಅವಳು ಆಡಲು ಬರಲಿಲ್ಲ. ಊಟ ಬಡಿಸುವಾಗಲೂ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದರು. ನಾಲ್ಕನೆಯ ದಿನ ತಡೆಯಲಾಗದೆ, ಬೋಳಾರದ ಅವಳ ಮನೆಗೆ ಒಬ್ಬಳೇ ಹೋಗಿ, ಅವಳ ಅಮ್ಮನೆದುರೇ "ಒಡೆದದ್ದು ನಾನು" ಎಂದೆ.

ಪ್ರಮೀಳ ಆಡಲು ಚೆನ್ನೆಮಣೆ ತಂದಿಟ್ಟಳು. ಅವಳ ಅಮ್ಮ ಮಾತ್ರ ನಾವು ಆಡಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದರು.