ಹಲಗೆಯ ಕೆಳಗೆ

“ಅತ್ತೆ, ಅಲ್ಲಿ ನೋಡಿ. ನಿಮ್ಮ ಬೆನಿತಾ!”

ಸೊಸೆ ಮಾರ್ಲೆನಿ ಮೊಣಕೈಯಿಂದ ತಿವಿದಾಗ ಸಾತುರ್ನಿನಾ ರೊಕೋಟೊ ಮೆಣಸಿನಕಾಯಿ ಒರೆಸಿ ಜೋಡಿಸುತ್ತಿದ್ದಳು. ತಲೆ ಎತ್ತಿದಳು. ಮಾರ್ಕೆಟ್ ಸಾಲಿನ ಆ ತುದಿಯಿಂದ, ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಬೆನಿತಾ ಗೋಡೆಗೆ ಅಂಟಿಕೊಂಡ ಹಾಗೆ ಬರುತ್ತಿದ್ದಳು. ಶಾಲನ್ನು ಒಂದೇ ಬದಿಗೆ ಎಳೆದುಕೊಂಡಿದ್ದಳು. ಆದರೂ ಅದರ ಕೆಳಗಿಂದ ಕಿತ್ತಳೆ ಬಣ್ಣದ ಚೀಲ ಇಣುಕುತ್ತಿತ್ತು. ಮೂಲೆಯಲ್ಲಿ ಹೊಸದಾಗಿ ತೆರೆದ ದೊಡ್ಡ ಅಂಗಡಿಯ ಚೀಲ. ಇಷ್ಟು ದಿನ ಮೀನಿನ ಸಾಲಿನಲ್ಲಿ ನುಸುಳಿ ಹೋಗುತ್ತಿದ್ದವಳು. ಇವತ್ತು ಅಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದರು, ಬೇರೆ ದಾರಿಯಿರಲಿಲ್ಲ.

ಸೇತುವೆಯಾಚೆ ಬೆನಿತಾಳ ಊಟದ ಮನೆ. ಒಳಗೆ ಮಾಂಸ ತುಂಬಿ, ಮೇಲೆ ಗಿಣ್ಣು ಕರಗಿಸಿ ಬೇಯಿಸಿದ ಅವಳ ರೊಕೋಟೊಗೆ ಅರೆಕಿಪಾ ಊರಲ್ಲೆಲ್ಲ ಹೆಸರು. ಆ ದಪ್ಪ ಕೆಂಪು ಮೆಣಸಿನಕಾಯಿಯೆಲ್ಲ ಹೋಗುತ್ತಿದ್ದುದು ಸಾತುರ್ನಿನಾಳ ಅಂಗಡಿ ಹಲಗೆಯಿಂದಲೇ. ಆ ಖಾಯಂ ವರ್ತನೆ ತಪ್ಪಿ ತಿಂಗಳ ಮೇಲಾಯಿತು. ಕಾಯಿ ಬುಟ್ಟಿಯಲ್ಲೇ ಮೆತ್ತಗಾಗುತ್ತಿತ್ತು. ಪಕ್ಕದ ಹಣ್ಣಿನ ರಸದವನು, “ಅರ್ಧ ಹಲಗೆ ನನಗೆ ಬಿಟ್ಬಿಡಿ,” ಎಂದು ಕೇಳಿದ್ದ. ಸೋಮವಾರ ಹೇಳುತ್ತೇನೆ ಎಂದಿದ್ದಳು ಸಾತುರ್ನಿನಾ. ಅರ್ಧ ಹೋದರೆ ಉಳಿದರ್ಧದಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಸೊಸೆ ಬೇರೆ ಕೆಲಸ ಹುಡುಕಿಕೊಳ್ಳಬೇಕು.

“ಕೂಗಿ ನಿಲ್ಲಿಸ್ಲಾ?” ಎಂದಳು ಮಾರ್ಲೆನಿ. “‘ಏನು ಕಸೆರಾ, ಗಾಜಿನಂಗ್ಡೀಲಿ ಆಲೂಗಡ್ಡೆಗೂ ಪೌಡರ್ ಹಚ್ಚಿ ಕೂರಿಸ್ತಾರಂತೆ?’ ಅಂತ, ಎಲ್ಲಾರಿಗೂ ಕೇಳೋ ಹಾಗೆ.”

ವರ್ತನೆಯವರು, ಮಾರುವವಳಾಗಲಿ ಕೊಳ್ಳುವವಳಾಗಲಿ, ಒಬ್ಬರನ್ನೊಬ್ಬರು ಕರೆಯುವುದು ಕಸೆರಾ ಎಂದೇ. ಆ ಕರೆಯಲ್ಲಿ ಸಲಿಗೆಯೂ ಇತ್ತು, ಹಕ್ಕೂ ಇತ್ತು.

“ಸುಮ್ನಿರೇ. ನನ್ನ ಮುಖ ಕಂಡ್ರೆ ಅವಳಿಗೆ ಅವಮಾನ. ಅವಮಾನ ಆದ ಕಡೆಗೆ ಯಾರು ತಿರುಗಿ ಬರ್ತಾರೆ? ನಾನಿಲ್ಲ ಅನ್ನು. ತಲೆ ಎತ್ಕೊಂಡು ಹೋಗ್ಲಿ.”

ಹೀಗೆಂದವಳೇ ಲಂಗ ಮುದುರಿಕೊಂಡು ಹಲಗೆಯ ಕೆಳಗೆ, ಆಲೂಗಡ್ಡೆ ಮೂಟೆಗಳ ನಡುವೆ ನುಸುಳಿದಳು. ಮಂಡಿ ಲಟಕ್ಕೆಂದಿತು. ಮುಂದೆ ಇಳಿಬಿಟ್ಟಿದ್ದ ಪ್ಲಾಸ್ಟಿಕ್ ಹಾಳೆ ಅವಳನ್ನು ಮರೆಮಾಡಿತು. ಹಾಳೆಯ ಅಂಚಿನಡಿ ಬೆನಿತಾಳ ಕಪ್ಪು ಬೂಟು ಕಾಣಿಸಿತು. ದಾಟಿ ಹೋಗುತ್ತದೆ ಎಂದುಕೊಂಡಳು. ಅದು ನಿಂತಿತು.

“ನಿಮ್ಮತ್ತೆ ಇಲ್ವೇನಮ್ಮ?”

“ಇಲ್ಲ ದೋನ್ಯಾ. ಡಾಕ್ಟರ್ ಹತ್ರ ಹೋಗಿದ್ದಾರೆ. ಹಲ್ಲುನೋವು, ಬಾಯೇ ತೆಗೆಯೋಕಾಗ್ತಿಲ್ಲ.”

ಸಾತುರ್ನಿನಾ ಸೊಸೆಯ ಮೀನಖಂಡ ಚಿವುಟಿದಳು.

“ಅಯ್ಯೋ, ಅವಳ ಬಾಯಿಗೆ ರಜಾನಾ! ಅದಕ್ಕೇ ಮಾರ್ಕೆಟ್ ಇಷ್ಟು ತಣ್ಣಗಿದೆ.” ಬೆನಿತಾ ನಕ್ಕಳು. ಕಿತ್ತಳೆ ಚೀಲ ನೆಲಕ್ಕಿಳಿಯಿತು. “ಹಾಗಾದ್ರೆ ಆ ಬುಟ್ಟೀಲಿರೋ ರೊಕೋಟೊ ಅಷ್ಟೂ ತೂಗು. ಬೇಗ, ಅವಳು ಬರೋದ್ರೊಳಗೆ.”

“ಯಾಕೆ ದೋನ್ಯಾ, ಅಲ್ಲಿ ಸಿಗಲ್ವಾ? ರೇಟೂ ಕಡಿಮೆ ಅಂತಾರೆ.”

“ಕಡಿಮೆ ಏನ್ ಬಂತು! ನೋಡೋಕೆ ಎಲ್ಲಾ ಅವಳಿ-ಜವಳಿ ಥರ ಇರ್ತಾವೆ, ಕಚ್ಚಿದ್ರೆ ಖಾರಾನೇ ಇಲ್ಲ. ನನ್ನ ಗಿರಾಕಿಗಳು ತಟ್ಟೇಲೇ ಬಿಟ್ಟು ಏಳ್ತಿದ್ದಾರೆ.”

“ಮತ್ತೆ ಅಲ್ಲಿಗ್ಯಾಕೆ ಹೋಗ್ತೀರಿ?”

ಒಂದು ಬೂಟು ಇನ್ನೊಂದನ್ನು ಉಜ್ಜಿತು. “ಮೊಮ್ಮಗುವಿನ ನಾಮಕರಣದ ದಿನ ಅರ್ಜೆಂಟಿಗೆ ಅಲ್ಲೇ ತಗೊಂಡ್ಬಿಟ್ಟೆ ಕಣಮ್ಮ. ಮಾರನೇ ದಿನ ಇಲ್ಲಿಗೆ ಬಂದ್ರೆ ನಿಮ್ಮತ್ತೆ ಬಿಡ್ತಾಳಾ? ‘ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ? ಯಾವಳ ಹತ್ರ ತಗೊಂಡೆ? ನನಗಿಂತ ಸುಂದರೀನಾ ಅವಳು?’ ಇಡೀ ಸಾಲು ನಗತ್ತೆ. ತಮಾಷೆಗೇ ಅನ್ನೋದು, ನಂಗೂ ಗೊತ್ತು. ಆದ್ರೂ ಒಂದು ದಿನದ ಲೆಕ್ಕ ಒಪ್ಪಿಸೋಕೆ ಹೆದರಿ ಬರ್ಲಿಲ್ಲ. ಆಮೇಲೆ ವಾರದ ಲೆಕ್ಕ ಆಯ್ತು. ಆಮೇಲೆ ಇನ್ನೂ ಕಷ್ಟ ಆಯ್ತು. ಅಲ್ಲಿ ಅದೊಂದು ಸುಖ. ಯಾರೂ ಏನೂ ಕೇಳಲ್ಲ.” ಮತ್ತೆ ತಾನೇ ಸೇರಿಸಿದಳು: “ಸತ್ತು ಬಿದ್ರೂ ಕೇಳಲ್ಲ ಅನ್ನು.”

ಹಲಗೆಯ ಕೆಳಗೆ ಸಾತುರ್ನಿನಾ ಮೂಟೆಗೆ ಒರಗಿ ಕೂತಳು. ದೊಡ್ಡ ಅಂಗಡಿಯಲ್ಲಿಲ್ಲದ್ದು, ತನ್ನಲ್ಲಿರುವುದು ಅದೊಂದೇ ಎಂದು ಅವಳು ನಂಬಿದ್ದಳು. ಯಾಕೆ ಬರಲಿಲ್ಲ ಎಂದು ಕೇಳುವವರು ಇಲ್ಲಿದ್ದಾರೆ. ನಿನ್ನೆ ತಾನೇ ರಸದವನಿಗೆ ಅದನ್ನೇ ಎದೆ ತಟ್ಟಿ ಹೇಳಿದ್ದಳು.

ಮೇಲೆ ಮಾರ್ಲೆನಿ ತೂಗಿದಳು. ಮುಳ್ಳು ಸರಿಯಾಗಿ ನಿಂತಾಗ ಕೈ ತೆಗೆದಳು, ಕಟ್ಟಿಕೊಟ್ಟಳು, ದುಡ್ಡು ಎಣಿಸಿಕೊಂಡಳು. ಬೆನಿತಾ ಹಲಗೆಯ ಕಡೆ ನೋಡುತ್ತ ನಿಂತಳು, ಏನೋ ಬಾಕಿಯಿದೆಯೆಂಬಂತೆ. ಮಾರ್ಲೆನಿಗೆ ಹೊಳೆಯಲಿಲ್ಲ. ಬೂಟುಗಳು ತಿರುಗಿದವು.

ಆಗ ಪ್ಲಾಸ್ಟಿಕ್ ಹಾಳೆ ಅಲುಗಾಡಿತು. ಅದರಡಿಯಿಂದ ಒಂದು ಕೈ ಹೊರಗೆ ಬಂತು. ಅಂಗೈಯಲ್ಲಿ ಮೂಟೆಗಳ ನಡುವೆ ಎತ್ತಿಟ್ಟಿದ್ದ ಎರಡು ರೊಕೋಟೊ, ಬುಟ್ಟಿಯಲ್ಲಿ ಇದ್ದವಕ್ಕಿಂತ ದಪ್ಪ, ಕೆಂಪು. ತೂಕದ ಮೇಲಿನ ಕೊಸರು.

ಮಾರ್ಲೆನಿ ತಕ್ಕಡಿಯ ಕಡೆ ಮುಖ ತಿರುಗಿಸಿಕೊಂಡಳು. ಬೆನಿತಾ ನೋಡಿದಳು. ಮಣ್ಣು ಕೂತ ಉಗುರು, ಬೆರಳಿಗೆ ಬಿಗಿದು ಕಳಚಲಾಗದ ಬೆಳ್ಳಿಯುಂಗುರ. ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಇನ್ನೇನು ಕೆಳಗಿಂದ ಆ ಪ್ರಶ್ನೆ ಬಂದೇ ಬರುತ್ತದೆ ಎಂದು ಶಾಲು ಹಿಡಿದು ಕಾದಳು.

ಬರಲಿಲ್ಲ. ಕೈ ಮಾತ್ರ ಹಾಗೆಯೇ ಚಾಚಿಕೊಂಡಿತ್ತು.

ಬೆನಿತಾ ಬಗ್ಗಿದಳು. ಎರಡನ್ನೂ ತೆಗೆದುಕೊಂಡಳು. ಖಾಲಿಯಾದ ಅಂಗೈ ಒಳಗೆ ಸರಿಯುವ ಮೊದಲೇ ಅದನ್ನು ಮೆಲ್ಲಗೆ ತಟ್ಟಿದಳು.

“ಇನ್ನೊಂದು ಹಾಕು, ಕಸೆರಾ.”