ಎಡಗಡೆಯ ಯಂತ್ರ

"ಬೆಲ್ಟ ಹರದೈತಿ ಅಂದ್ನೆಲ್ಲ, ನಾಳಿ ಬಾ!" ರೇವವ್ವ ಜೋಳದ ಡಬ್ಬಿಯನ್ನು ಮತ್ತೆ ಹುಚ್ಚವ್ವನ ತಲೆಗೇ ಏರಿಸಿದಳು.

"ಮೂರ ದಿನ ಆತು ಇದ ಹಾಡ. ನನ್ನ ಗಂಡ ಕೋಳಿ ಏನ, ಕಾಳ ಕುಕ್ಕಾಕ?"

"ಇವತ್ತೊಂದ ದಿನ ಕುಕ್ಕಲಿ ತಗೊ. ಸಾಯೂದಿಲ್ಲ."

ಹುಚ್ಚವ್ವ ಗೊಣಗುತ್ತ ಇಂಡಿ ಪೇಟೆಯ ಬಿಸಿಲಿಗೆ ಇಳಿದಳು. ರೇವವ್ವ ಗಿರಣಿಗೆ ಹೊದಿಸಿದ್ದ ಗೋಣಿತಟ್ಟನ್ನು ಎಳೆದು ಸರಿಮಾಡಿದಳು. ಅದರಡಿ ಬೆಲ್ಟು ಗಟ್ಟಿಮುಟ್ಟಾಗಿತ್ತು.

ಮೂಲೆಯ ಮೇಜಿನ ಮೇಲೆ ಪಾಟಿಯಷ್ಟಗಲದ ಎರಡು ಯಂತ್ರಗಳು ಕೆಂಪು ಅಂಕಿಗಳನ್ನು ಏರಿಸುತ್ತ ಕೂತಿದ್ದವು. ಇವೂ ಕಂಪ್ಯೂಟರೇ ಎಂದು ಪುಣೆಯಿಂದ ಅವನ್ನು ಹೊತ್ತು ತಂದ ಧರೆಪ್ಪ ಹೇಳಿದಾಗ ಅವಳು ನಂಬಿರಲಿಲ್ಲ. ಎರಡರೊಳಗಿನ ಚಿಪ್‌ಗಳು ಒಂದನ್ನೊಂದು ಕಂಡರಾಗದ ಎರಡು ಕಂಪನಿಗಳವು. ಎಡಗಡೆಯದನ್ನು ಕಟ್ಟಿದವನು ಧರೆಪ್ಪ, ಬಲಗಡೆಯದನ್ನು ಅವನ ಸಾಹೇಬ. ಮೂರು ದಿನ, ಹತ್ತರಿಂದ ಐದರವರೆಗೆ, ಎಣಿಕೆ ತಪ್ಪದೆ ಓಡಿದ ಯಂತ್ರವನ್ನೇ ಹೊಲದ ಪಂಪುಗಳಿಗೆ ಕೂಡಿಸುತ್ತಾರಂತೆ. ಗಿರಣಿ ಹಚ್ಚಿದಾಗ ಕರೆಂಟು ಹೊಲದಲ್ಲಿ ಕುಸಿದಂತೆಯೇ ಕುಸಿಯುತ್ತದೆ, ಅದಕ್ಕೇ ಈ ಜಾಗ ಹುಡುಕಿದೆ ಎಂದಿದ್ದ ಧರೆಪ್ಪ. "ನಂದು ಬಿದ್ರ ನನ್ನ ನೌಕರೀನೂ ಬಿತ್ತ್ರಿ ಅವ್ವಾ," ಎಂದು ನಕ್ಕಿದ್ದ.

ಪರೀಕ್ಷೆಯ ಹಿಂದಿನ ಸಂಜೆ ಅವಳು ಗಿರಣಿ ಹಚ್ಚಿದಳು. ಬಲ್ಬು ಮಂಕಾಯಿತು, ಎಡಗಡೆಯ ಅಂಕಿ ದಡಕ್ಕನೆ ಸೊನ್ನೆಗೆ ಬಿತ್ತು. ತಂತಿ ಸಡಿಲಾಗಿರಬೇಕು ಎಂದು ಧರೆಪ್ಪ ಬಗ್ಗಿ ಬಿಗಿಮಾಡಿದ, ಆದರೆ ಅವನ ಮುಖವನ್ನು ರೇವವ್ವ ನೋಡಿಬಿಟ್ಟಿದ್ದಳು. ಮರುದಿನ ಬೆಳಿಗ್ಗೆ ಬೆಲ್ಟು ಹರಿಯಿತು. ಅವನು ಅಯ್ಯೋ ಅಂದನೇ ಹೊರತು ಗೋಣಿತಟ್ಟು ಎತ್ತಿ ನೋಡಲಿಲ್ಲ.

ನಾಲ್ಕು ಗಂಟೆಗೆ ಧರೆಪ್ಪ ಬೆವರು ಸುರಿಸುತ್ತ ಬಂದ. ಹೆಗಲ ಮೇಲೆ ಹೊಸ ಬೆಲ್ಟು.

"ಬಿಜಾಪುರಕ್ಕ ಹೋಗಿದ್ನೆರಿ. ನಿಮ್ಮ ಗಿರಣಿ ಹಿಂಗ ನಿಂತದ್ದು ನೋಡಾಕ ಆಗವಲ್ದು." ಅವಳು ತಡೆಯುವ ಮೊದಲೇ ತಟ್ಟು ಎತ್ತಿದ. ಹಳೆಯ ಬೆಲ್ಟಿನ ಸುತ್ತ ಕೈಯಾಡಿಸಿದ, ಎಲ್ಲೂ ಹರಿದಿರಲಿಲ್ಲ.

"ನನ್ನ ಸಲುವಾಗೇನ್ರಿ?"

"ಮತ್ತ್ಯಾರ ಸಲುವಾಗಿ? ಇನ್ನೊಂದ ತಾಸ ಸುಮ್ಮ ಕುಂದರು. ಚಾ ಕಾಸ್ತೇನಿ."

ಧರೆಪ್ಪ ಹೊಸ ಬೆಲ್ಟನ್ನು ಅವಳ ಕೈಗೆ ಕೊಟ್ಟ. "ಇದು ನಿಮಗ. ಹಳೇದು ಖರೇನ ಹರದಾಗ ಹಾಕ್ರಿ. ಈಗ ಗಿರಣಿ ಹಚ್ಚರಿ."

"ನಿಂದು ಬೀಳತೈತಿ."

"ಬೀಳೂದಾದ್ರ ಇಲ್ಲೇ ಬೀಳ್ಲಿ. ನಾಳೆ ಕೊಲ್ಹಾರದಾಗ ಯಾರದೋ ಪಂಪಿನ ಮನ್ಯಾಗ ಬಿದ್ರ, ಅಲ್ಲಿ ಸ್ವಿಚ್ಚ ಕಾಯಾಕ ನೀವಿರ್ತೀರೇನ್ರಿ?"

ಅವನು ಹೇಳುವುದು ಖರೆ ಎಂದು ರೇವವ್ವನಿಗೆ ತಿಳಿಯಿತು. ಆದರೆ ಹೇಳುತ್ತಿದ್ದವನ ಕಣ್ಣು ಎಡಗಡೆಯ ಕೆಂಪು ಅಂಕಿಯ ಮೇಲೇ ಇತ್ತು. ಮೂರು ದಿನದಲ್ಲಿ ಒಮ್ಮೆಯೂ ಎಡವಿರದ ಅಂಕಿ, ಈಗಷ್ಟೇ ನಡೆಯಲು ಕಲಿತ ಕೂಸಿನ ಹಾಗೆ ಮುಂದೆ ಮುಂದೆ ಹೋಗುತ್ತಿತ್ತು.

ಅವಳು ಸ್ವಿಚ್ಚಿನ ಹತ್ತಿರ ಹೋದಳು. ಅವಳು ತಿರುಗಿ, ಸ್ವಿಚ್ಚಿಗೆ ಬೆನ್ನು ಹಚ್ಚಿ ನಿಂತು, ಹೊಸ ಬೆಲ್ಟನ್ನು ಅವನ ಎದೆಗೆ ದೂಡಿದಳು.

"ಒಲ್ಲೆ," ಎಂದಳು.