ಎರಡನೇ ಗುಂಡು

ಕೊಡಗಿನ ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಬರ್ಮಾ ಯುದ್ಧಕ್ಕೆ ಹೋಗಿ ಮರಳದ ನನ್ನ ಮುತ್ತಜ್ಜನಿಗೆ ಮಾತ್ರ ಯಾರೂ ಹಾರಿಸಲಿಲ್ಲ. ಹೆಣ ಬಾರದೆ ಹಾರಿಸಕೂಡದೆಂದು ಅವರ ಮಗಳದು, ಅಂದರೆ ನನ್ನ ಅಜ್ಜಿಯದು, ಒಂದೇ ಹಟ.

ಗೆಳೆಯ ಬೆಳ್ಯಪ್ಪ ಆ ಯುದ್ಧವನ್ನೇ ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಆಟವಾಗಿ ಬರೆದು ತಂದಿದ್ದ. ನನ್ನ ಪಾತ್ರ ಒಬ್ಬ ಸಿಪಾಯಿ. ಅವನಿಗೆ ಮುತ್ತಜ್ಜನ ಹೆಸರನ್ನೇ ಇಟ್ಟೆ. ಅದು ಕಿವಿಗೆ ಬಿದ್ದದ್ದೇ ಅಜ್ಜಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಅಪ್ಪ ಈಗ ಎಲ್ಲಿದ್ದಾರೆ?”

“ಹೊಳೆ ದಂಡೇಲಿ ಅಜ್ಜಿ. ಎದುರಿಗೆ ಇಬ್ಬರು ಶತ್ರುಗಳಿದ್ದಾರೆ.”

ದಾಳ ಎಸೆದೆ. ಒಬ್ಬ ಶತ್ರು ಬಿದ್ದ.

“ಇನ್ನೊಬ್ಬನಿಗೂ ಹೊಡಿ!” ಎಂದರು ಅಜ್ಜಿ.

“ಆಗಲ್ಲ ಅಜ್ಜಿ,” ಎಂದ ಬೆಳ್ಯಪ್ಪ. “ನಿಮ್ಮ ಗೋಡೆ ಮೇಲಿರೋ ಕೋವಿ ಥರಾನೇ ಇದೂ. ಬೋಲ್ಟ್ ಎಳೆದ ಮೇಲೇನೇ ಎರಡನೇ ಗುಂಡು. ಅಷ್ಟರಲ್ಲಿ ಶತ್ರು ಸರದಿ ಬರುತ್ತೆ.”

ಅವನು ದಾಳ ಎಸೆದ. ನನ್ನ ಸಿಪಾಯಿಯ ಹೆಸರಿನ ಮೇಲೆ ಗೀಟು ಎಳೆದ.

“ಹೋದರಾ?” ಅಜ್ಜಿ ಕೇಳಿದರು.

“ಇದು ಆಟ ಅಜ್ಜಿ,” ಎಂದೆ. “ಬೇಕಾದ್ರೆ ಮತ್ತೆ ಎಸೀತೀವಿ.”

“ಬೇಡ. ಅವರಿಗೂ ಸಾಕಾಗಿರುತ್ತೆ.”

ಅಜ್ಜಿ ಎದ್ದು ಒಳಗೆ ಹೋದರು. ನಾವು ದಾಳಗಳನ್ನು ಡಬ್ಬಿಗೆ ತುಂಬತೊಡಗಿದೆವು. ತಲೆ ಎತ್ತಿದರೆ ಗೋಡೆಯ ಮೇಲೆ ಕೋವಿ ಇರಲಿಲ್ಲ.

ಅಂಗಳದಿಂದ ಗುಂಡಿನ ಸದ್ದು ಬಂತು. ನಾವಿಬ್ಬರೂ ಗಾಬರಿಯಿಂದ ಎದ್ದು ನಿಂತೆವು.

ಬೋಲ್ಟ್ ಎಳೆಯುವಷ್ಟು ಹೊತ್ತು ಬಿಟ್ಟು, ಇನ್ನೊಂದು.